ಹೆಗಲು

ನಮ್ಮ ದ್ವೀಪಕ್ಕೆ ಪಾದ್ರಿ ಬರುವುದು ವರ್ಷಕ್ಕೆ ಎರಡು ಸಲ,
ಅದೂ ಕಡಲು ಒಪ್ಪಿದರೆ.
ಉಳಿದ ಭಾನುವಾರಗಳಿಗೆಲ್ಲ ನಾನೇ:
ಬೀಗದ ಕೈ ನನ್ನದು, ಗಂಟೆಯ ಹಗ್ಗ ನನ್ನದು,
ಪ್ರೀತಿಸಿರಿ ಎಂದು ಓದಿ ಹೇಳುವ ಗಂಟಲೂ ನನ್ನದೇ.
ಮೂವತ್ತು ವರ್ಷ ಓದಿದ್ದೇನೆ.
ಕನ್ನಡಕ ಮರೆತು ಬಂದ ದಿನವೂ ತಡವರಿಸಿದವನಲ್ಲ.

ಚಿಲೋಯೆಯ ಈ ಬದಿಯ ದಡವನ್ನು
ಕಡಲು ತಿನ್ನುತ್ತದೆ, ಇಲಿ ರೊಟ್ಟಿ ತಿಂದ ಹಾಗೆ, ಅಂಚಿನಿಂದ.
ಎಡುವಿನಾ ಚಿಗುವಾಯಳ ಅಡುಗೆಮನೆಯ ಅಡಿಗೇ
ಈ ಚಳಿಗಾಲ ಅಲೆ ಬಂದು ಕೆಮ್ಮಿ ಹೋಯಿತು.

ನಮ್ಮಲ್ಲಿ ಮನೆ ಬಿಟ್ಟು ಹೋಗುವುದಿಲ್ಲ,
ಮನೆಯನ್ನೇ ಎಳೆದೊಯ್ಯುತ್ತೇವೆ.
ಮರದ ಮನೆ; ಬುಡಕ್ಕೆ ದಿಮ್ಮಿ ಕೊಟ್ಟು, ಎತ್ತು ಹೂಡಿ,
ಊರಿಗೆ ಊರೇ ಸೇರಿ.
ಕೂಲಿ ಇಲ್ಲ, ಊಟ ಉಂಟು.
ಮಿಂಗಾ ಅನ್ನುತ್ತೇವೆ ಅದಕ್ಕೆ.
ಮನೆಯವರು ಬಾಗಿಲು ಬಾಗಿಲಿಗೆ ಹೋಗಿ ಬೇಡಬೇಕು.
ಬೇಡಿದ ಮೇಲೆ ಇಲ್ಲವೆನ್ನುವ ಹಾಗಿಲ್ಲ.

ಹನ್ನೊಂದು ವರ್ಷವಾಗಿತ್ತು ಅವಳು ನನಗೆ ಮುಖ ಕೊಟ್ಟು.
ಅವಳ ಗಂಡ ಲಿಸಾಂದ್ರೊ ತೀರಿಕೊಂಡಾಗ
ನಾನು ಗಂಟೆ ಹೊಡೆಯಲಿಲ್ಲ.
ಕುಡಿಯುತ್ತಿದ್ದ. ಗುಡಿಯ ಹೊಸ್ತಿಲು ತುಳಿದವನಲ್ಲ.
ನಿಯಮ ಅಂದರೆ ನಿಯಮ.
ನಾನೇ ಹೋಗಲಿಲ್ಲವೆಂದು ಬೇರೆಯವರೂ ಹಿಂಜರಿದರಂತೆ,
ಪೆಟ್ಟಿಗೆಗೆ ನಾಲ್ಕನೆಯವರು ಸಿಗದೆ
ಅವಳೇ ಹೆಗಲು ಕೊಟ್ಟಳಂತೆ. ಮಳೆ ಬೇರೆ ಇತ್ತಂತೆ.
ನಾನು ನೋಡಲಿಲ್ಲ.
ಒಳಗೆ ಕೂತು ಮೇಣದ ಬತ್ತಿಗಳ ಕುಡಿ ಕತ್ತರಿಸುತ್ತಿದ್ದೆ.

ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ.
"ನಿನ್ನ ಎತ್ತು ಬೇಕು."
"ಎತ್ತಿನ ಹಿಂದೆ ನಾನೂ ಬರಬೇಕಾಗುತ್ತಲ್ಲ."
"ಗೊತ್ತು. ಬೇರೆ ಜೋಡಿ ಹುಡುಕಿದೆ. ಸಿಗಲಿಲ್ಲ."

ಶನಿವಾರ. ಹನ್ನೆರಡು ಜೋಡಿ ಎತ್ತು, ಅರವತ್ತು ಜನ,
ಇಳಿಜಾರಿನ ಕೆಸರಲ್ಲಿ ಒಂದು ದಿಮ್ಮಿ ಸೀಳಿ
ಮನೆ ವಾಲಿತು, ನನ್ನ ಕಡೆಗೇ.
ಓಡಬೇಕಿತ್ತು, ಓಡಲಿಲ್ಲ.
ಧೈರ್ಯವಲ್ಲ, ಬೂಟು ಹೂತಿತ್ತು.
ಹೆಗಲು ಕೊಟ್ಟೆ.
ಅಕ್ಕಪಕ್ಕ ಯಾರು ಯಾರದೋ ಹೆಗಲು ಬಂದು ಸೇರಿದವು,
ಬೆವರು, ಒದ್ದೆ ಉಣ್ಣೆ, ಬೆಳ್ಳುಳ್ಳಿಯ ಉಸಿರು.
ಕೆನ್ನೆ ಗೋಡೆಗೆ ಒತ್ತಿಹೋಗಿ
ಹಲಗೆಯ ಸಂದಿನಲ್ಲಿ ಕಂಡಿತು ಒಳಗಿನ ಕೋಣೆ:
ಮೇಜಿಲ್ಲ, ಮಂಚವಿಲ್ಲ, ಎಲ್ಲ ಹೊರಗೆ ಸಾಗಿಸಿಯಾಗಿದೆ.
ಒಂದು ಮೊಳೆ. ಮೊಳೆಗೆ ಗಂಡಸಿನ ಟೋಪಿ.
ಅಷ್ಟು ಅಲ್ಲಾಡಿದರೂ ಬಿದ್ದಿರಲಿಲ್ಲ.

ಅಂದು ನಾಲ್ವರು ಹೊತ್ತರೆ ಮುಗಿಯುತ್ತಿದ್ದ ಭಾರ
ಹನ್ನೊಂದು ವರ್ಷದ ಬಡ್ಡಿ ಸೇರಿ ಇಷ್ಟಾಗಿತ್ತು.

ಯಾರೋ "ಈಗ!" ಎಂದು ಕೂಗಿದರು.
ಎತ್ತುಗಳು ಮೊಣಕಾಲೂರಿ ಎದ್ದವು.
ಮನೆ ಒಮ್ಮೆ ನರಳಿತು. ಆಮೇಲೆ ನಡೆಯಿತು.

ಸಂಜೆ, ಕಾದ ಕಲ್ಲಿನ ಗುಂಡಿಯಿಂದ
ಕೊಡೆಯಷ್ಟಗಲದ ಎಲೆಗಳನ್ನು ಸರಿಸಿ ತೆಗೆದರು
ಕಪ್ಪೆಚಿಪ್ಪು, ಹಂದಿಮಾಂಸ, ನೇರಳೆ ಬಣ್ಣದ ಆಲೂಗಡ್ಡೆ.
ಬಡಿಸುತ್ತಿದ್ದವಳು ಎಡುವಿನಾ.
ನನ್ನ ಸರದಿಗೆ ಸೌಟು ಒಂದು ಗಳಿಗೆ ನಿಂತಿತು.
ಎಲ್ಲರಿಗೆಷ್ಟೋ ಅಷ್ಟೇ ಹಾಕಿದಳು,
ಹೆಚ್ಚಿಲ್ಲ, ಕಡಿಮೆಯಿಲ್ಲ.
ಹನಿ ಬಿಡದೆ ನೆಕ್ಕಿದೆ.

ಮರುದಿನ ಭಾನುವಾರ. ಹೆಗಲು ಬಾತು ಕೋಟು ಏರಲಿಲ್ಲ.
ಕನ್ನಡಕ ಮೂಗಿನ ಮೇಲೇ ಇತ್ತು.
ಆ ಸಾಲು ಬಂತು.
ಮೂವತ್ತು ವರ್ಷದ ಬಾಯಿಪಾಠ,
ಮೊದಲ ಪದದಲ್ಲೇ ತಡವರಿಸಿದೆ.
ಮಕ್ಕಳು ನಕ್ಕರು.
ಪುಸ್ತಕ ಮುಚ್ಚಿ, ಗೋಪುರದ ಕೆಳಗೆ ಹೋಗಿ
ನೋಯದ ಕೈಯಿಂದ ಹಗ್ಗ ಎಳೆದೆ,
ಸಾವಿನ ಗಂಟೆ, ಒಂದೊಂದೇ ಒಂದೊಂದೇ.

ಗದ್ದಲವಾಯಿತು. ಬೆಂಚು ಬಿಟ್ಟು ಓಡಿ ಬಂದರು:
"ಯಾರು? ಯಾರು ಹೋದದ್ದು?"
"ಲಿಸಾಂದ್ರೊ," ಎಂದೆ.

ಎಡುವಿನಾ ಬಂದಿರಲಿಲ್ಲ.
ಗುಡ್ಡದ ಮೇಲಿನ ಹೊಸ ಜಾಗದಲ್ಲಿ
ಅವಳು ಬಾಗಿಲು ತೆರೆದಳೋ, ಮುಚ್ಚಿದಳೋ,
ಇಲ್ಲಿಂದ ಕಾಣುವುದಿಲ್ಲ.
ಕೈ ಸೋಲುವ ತನಕ ಹೊಡೆದೆ.