ಹಿಂಡದ ಹಿಂಡಿ

ಆದೋನಿಯ ಹಳೇ ಜಿನ್ನಿಂಗ್ ಮಿಲ್ಲಿನ ಗೋದಾಮಿನಲ್ಲಿ
ಈಗ ಹತ್ತಿ ಇಲ್ಲ, ಕಲ್ಲಿದೆ.
ತೊಲೆಗೆ ಅಂಟಿದ ಅರಳೆ ಇನ್ನೂ ಉದುರುತ್ತದೆ
ಔಕಿನ ಕಡೆಯಿಂದ ಲಾರಿಯಲ್ಲಿ ಬಂದ
ಕಪ್ಪು ಕಲ್ಲಿನ ಕೋಲುಗಳ ಮೇಲೆ.

ಪೆಟ್ಟಿಗೆಗೆ ಐದು ಸಾಲು, ಸಾಲಿಗೊಂದು ಮೀಟರು.
ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ,
ಪುಸ್ತಕದ ಹಾಗೆ ಓದಬೇಕು ಅಂದರು ಹೈಮವತಿ ಮೇಡಂ.
ನಾನು ಏಳನೇ ಕ್ಲಾಸು. ಓದಿದೆ.
ಮೇಲಿನದು ಹೊಸದು, ಕೆಳಗಿನದು ಹಳೆಯದು,
ಅಂದರೆ ಕೊನೆಯ ಪುಟದಿಂದ ಶುರು.

ಪೆಟ್ಟಿಗೆಯ ಮೇಲೆ ಅಂಕಿ, ಆಳ, ಊರು ಬರೆಯುವುದು ನನ್ನ ಕೆಲಸ.
ನಾನು ಬರೆದದ್ದು ಕನ್ನಡ, ಅವರು ಓದಿದ್ದು ತೆಲುಗು.
ತಲೆಕಟ್ಟಿನ ಕೊಂಕು ಒಂದಿಷ್ಟು ಆಚೀಚೆ, ಅಷ್ಟೇ;
ಮೂರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಮೊದಲ ದಿನ ಮೇಡಂ ಒಂದು ಚೂರು ಮುರಿದು ಮೂಸಿದರು,
ಆಮೇಲೆ ಮುಂದಿನ ಹಲ್ಲಿಗಿಟ್ಟು ಕಡಿದರು.
ನಾನು ಬಾಗಿಲ ಕಡೆ ನೋಡಿದೆ.
"ಗರಗರ ಅಂದರೆ ಮರಳು ಬೆರೆತಿದೆ,
ಬೆಣ್ಣೆಯಂತೆ ಜಾರಿದರೆ ಬರೀ ಜೇಡಿ.
ನೀನೂ ನೋಡು ಉರುಕುಂದಪ್ಪಾ."
ನೋಡಿದೆ. ಬಸುರಿಯಾಗಿದ್ದಾಗ ನನ್ನ ಹೆಂಡತಿ
ಕದ್ದು ತಿಂದ ಗೋಡೆಯ ಮಣ್ಣು ಹೀಗೇ ಇದ್ದೀತು.

ಉಗುರಿನ ಅಂಚಿಗಿಂತ ತೆಳ್ಳಗೆ ಪದರು ಪದರು.
ಗಾಳಿಯಾಡದ ಕಡಲಿನ ತಳದ ಕೆಸರಂತೆ.
ಆಗ ಮೀನಿಲ್ಲ, ಎಲೆಯಿಲ್ಲ, ನೋಡಲು ಕಣ್ಣೇ ಹುಟ್ಟಿರಲಿಲ್ಲ.
ಬರೀ ಪಾಚಿ ಸತ್ತು ಇಳಿಯುತ್ತಿತ್ತು
ನೂರು ಕೋಟಿ ವರ್ಷದ ಆಚೆಯೋ ಈಚೆಯೋ.
ಮೇಲೆ ಮಣ್ಣು ಬಿತ್ತು, ಮತ್ತೆ ಬಿತ್ತು, ಒಲೆ ಹೊತ್ತಿತು.
ಸಣ್ಣ ಉರಿಗೆ ಎಣ್ಣೆ. ಇನ್ನಷ್ಟು ಉರಿಗೆ ಅನಿಲ.
ಮರೆತರೆ ಸೀದು ಕರಿ.

ಇದು ನನಗೆ ಹೊಸದಲ್ಲ.
ಇದೇ ಕಾಂಪೌಂಡಿನಲ್ಲಿ ಹದಿನಾಲ್ಕು ವರ್ಷ
ಹತ್ತಿಕಾಳು, ಶೇಂಗಾ ಹಿಂಡಿದವನು.
ಎಣ್ಣೆ ಅಂದರೆ ಕಾಳು ಬಿಟ್ಟುಕೊಡುವ ವಸ್ತು;
ಬಿಟ್ಟ ಮೇಲೆ ಉಳಿದದ್ದು ಹಿಂಡಿ, ಎಮ್ಮೆಗೆ.
ಈ ಜಾತಿಯ ಕಲ್ಲು ಮಾತ್ರ
ಬೆಂದು, ಬೆವರಿ, ಒಂದು ಪಾಲು ಮೇಲಿನ ಮರಳುಗಲ್ಲಿಗೆ ಕಳಿಸಿ
ಉಳಿದದ್ದನ್ನು ಮುಷ್ಟಿಯಲ್ಲೇ ಇಟ್ಟುಕೊಳ್ಳುತ್ತದಂತೆ,
ಕೂದಲು ತೂರದ ಸಂದಿನಲ್ಲಿ.

"ಹಂಗಾದ್ರೆ ಹೆಂಗ ತೆಗೀತಾರ?"
ಬೋರಿನ ದಾದಾ ಖಲಂದರ್ ಬೀಡಿ ನೆಟ್ಟಗೆ ಇಳಿಸಿ
ಕೊನೆಗೆ ಅಡ್ಡ ತಿರುಗಿಸಿ ತೋರಿಸಿದ.
"ಪದರಿನಾಗ ಮಲಗಿಸಿ ಓಡಿಸ್ತಾರ ಕೊಳವಿ.
ನೀರು ತುಂಬಿ ಒತ್ತಿದ್ರ ಕಲ್ಲು ಬಿರೀತೈತಿ.
ಬಿರುಕು ಮುಚ್ಚಬಾರದಂತ ಮರಳಿನ ಕಾಳು,
ಬಾಗಿಲಿಗೆ ಅಡ್ಡ ಇಟ್ಟಂಗ."
ಗಾಣ ಹೊರಗಿನಿಂದ ಹಿಂಡುತ್ತದೆ.
ಇದು ಒಳಗಿನಿಂದ.

ಒಂದು ಬಾವಿಗೆ ಎಷ್ಟು ನೀರು, ಕೇಳಿದೆ.
ಮೇಡಂ ಪೆಟ್ಟಿಗೆಯ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು,
ನಮ್ಮ ಓಣಿಗೆ ನಲ್ಲಿ ಬಿಡುವ ದಿನ ಯಾವುದೆಂದು ಕೇಳಿದರು,
ಆಮೇಲೆ ಉಜ್ಜಿ ಅಳಿಸಿದರು.

ಆಷಾಢದಲ್ಲಿ ವರದಿ ಬಂತು.
ಪುಡಿ ಮಾಡಿ ಮತ್ತೊಮ್ಮೆ ಕಾಯಿಸಿ ನೋಡಿದ್ದರಂತೆ.
ಹೊಗೆಯೂ ಹೊರಡಲಿಲ್ಲ.
ಸೀದಿದೆ. ಯಾವಾಗಲೋ, ಯಾರೂ ಇಲ್ಲದಾಗ.
"ತಡವಾಗಿ ಬಂದೆವು" ಅಂದರು ಮೇಡಂ
ಆಲೂರಿನ ಬಸ್ಸು ತಪ್ಪಿದವರ ಹಾಗೆ.

ಗೋದಾಮು ಮತ್ತೆ ಹತ್ತಿಗೆ. ಪೆಟ್ಟಿಗೆ ಹೊರಕ್ಕೆ.
ನೂರಾ ಹದಿನೇಳರಲ್ಲಿ, ಮೂರನೇ ಸಾಲಿನಲ್ಲಿ,
ಕಲ್ಲಿಲ್ಲ, ಒಂದು ಗೇಣು ಮರದ ತುಂಡು:
ಕೊರೆಯುವಾಗ ಪುಡಿಯಾಗಿ ನೀರಿನಲ್ಲಿ ಹೋದ ಭಾಗ.
ಖಾಲಿ ಬಿಟ್ಟರೆ ಕೆಳಗಿನದು ಜರುಗಿ
ಕೋಟಿಗಟ್ಟಲೆ ವರ್ಷದ ಲೆಕ್ಕ ತಪ್ಪುತ್ತದೆ.
ಅದರ ಮೇಲೆ ನನ್ನ ಅಕ್ಷರ: ಇಲ್ಲಿ ಸಿಗಲಿಲ್ಲ.

ಅದೊಂದನ್ನು ಮನೆಗೆ ತಂದೆ.
ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು, ಸಂದಿಗೆ ಕೊಟ್ಟೆ.
ಹೆಂಡತಿ ಬಗ್ಗಿ ಓದಿ
"ಏನು?" ಅಂದಳು.