ಗುಂಡುಸೂಜಿ

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಬೀದಿ ಮೂಲೆಗಳಲ್ಲಿ ಹಗ್ಗ ಕಟ್ಟುತ್ತಾರೆ,
ನಡೆಯುವವರು ಹಿಡಿದುಕೊಳ್ಳಲಿ ಎಂದು.
ಅಂಥದೊಂದನ್ನು ಹಿಡಿದೇ
ಹತ್ತೊಂಬತ್ತನೆಯ ಅಧ್ಯಾಯವನ್ನು ಕೋಟಿನೊಳಗೆ ಅವುಚಿಕೊಂಡು
ದೊಮಿತಿಲಾಳ ಹೊಲಿಗೆ ಅಂಗಡಿಗೆ ಹೋಗುತ್ತೇನೆ.

ಎಂಬತ್ತೊಂದು ಅವಳಿಗೆ. ಕಾದಂಬರಿ ಓದುವವಳಲ್ಲ.
ನನ್ನದನ್ನು ಮಾತ್ರ ಓದುತ್ತಾಳೆ,
ಬಟ್ಟೆಯ ಒಳಮೈ ನೋಡುವ ಹಾಗೆ
ಮಗುಚಿ, ಬೆಳಕಿಗೆ ಹಿಡಿದು.
ಒಪ್ಪದ ಕಡೆ ಒಂದು ಗುಂಡುಸೂಜಿ.

ನನ್ನ ಕಥೆಯ ಅನ್ಸೆಲ್ಮೊ ಲಾರಿ ಓಡಿಸುತ್ತಿದ್ದ.
ಸೆರೆಯವರನ್ನು ಎಣಿಸಿ ಹತ್ತಿಸಿಕೊಂಡು
ಟಾರ್ಪಾಲು ಬಿಗಿದು ಹೊರಟವನು
ಬೆಳಗಿನ ಜಾವ ಖಾಲಿ ಲಾರಿ ತರುತ್ತಿದ್ದ.
ಎರಡನೆಯ ಅಧ್ಯಾಯದಲ್ಲಿ ಒಬ್ಬ ಹುಡುಗ ನೀರು ಕೇಳುತ್ತಾನೆ.
ಅನ್ಸೆಲ್ಮೊ ಲೋಟ ತುಂಬಿ ತಂದು
ಅವನ ಬೂಟಿನ ಮೇಲೆ ಸುರಿದು ನಗುತ್ತಾನೆ.
ಅಷ್ಟು ಬರೆಯಲು ನನಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ.
ಅವನನ್ನು ಅಲ್ಲಿಂದ ಮೇಲೆತ್ತಲು
ಆರು ವರ್ಷದಿಂದ ಏದುತ್ತಿದ್ದೇನೆ.

ಮೊದಲ ಸಲ, ಜಲಸಂಧಿಯಲ್ಲಿ ಮುಳುಗುತ್ತಿದ್ದ ಮಗುವನ್ನು
ಎದೆಗೊತ್ತಿಕೊಂಡು ದಡಕ್ಕೆ ತಂದ.
ಸೂಜಿ ಚುಚ್ಚಿ ದೊಮಿತಿಲಾ ಅಂದಳು:
"ಇವನು ಒಳ್ಳೆಯವನಾಗಲಿ ಅಂತ
ಆ ಮಗುವನ್ನು ನೀರಿಗೆ ನೂಕಿದವಳು ನೀನು."

ಹೊಟ್ಟೆಯ ಕ್ಯಾನ್ಸರ್ ಕೊಟ್ಟೆ.
"ನನ್ನ ಗಂಡನಿಗೂ ಬಂದಿತ್ತು. ಅವನೇನು ಮಾಡಿದ್ದ?"

ಮುದುಕನಾದ ಅನ್ಸೆಲ್ಮೊ ರಾತ್ರಿ ರಾತ್ರಿ
ಒಂದು ಲೋಟ ನೀರು ಮೇಜಿನ ಮೇಲಿಟ್ಟು ಮಲಗತೊಡಗಿದ.
ಇದು ನನಗೇ ಬಹಳ ಹಿಡಿಸಿತ್ತು.
"ಯಾರ ಬಾಯಾರಿಕೆಗೆ ಇದು?" ಅಂದಳು, ಕನ್ನಡಕ ಒರೆಸುತ್ತ.

ಕೊನೆಗೆ ಹುಡುಗನ ತಾಯಿ ಬಾಗಿಲು ತೆರೆದು
'ಕ್ಷಮಿಸಿದ್ದೇನೆ, ಒಳಗೆ ಬಾ' ಅಂದ ಪುಟ.
ಅದಕ್ಕೆ ಏಳು ಸೂಜಿ.
"ಈ ಮಾತನ್ನು ಇವಳ ಬಾಯಿಗೆ ಹೊಲಿದವರು ಯಾರು?
ದಾರ ಹೊರಗೇ ಕಾಣುತ್ತಿದೆ."

ಆವತ್ತು ಸಿಟ್ಟು ಬಂದು ವಾದಿಸಿದೆ:
ಮಾಡಿದ ದಿನಕ್ಕೇ ಮನುಷ್ಯ ಮುಗಿಯುವುದಿಲ್ಲವಲ್ಲ,
ಆಮೇಲೂ ನಲವತ್ತು ವರ್ಷ ಹಲ್ಲುಜ್ಜುತ್ತಾನೆ,
ನಾಯಿಗೆ ಎಲುಬು ಹಾಕುತ್ತಾನೆ,
ಅದು ಬಾಲ ಆಡಿಸುವುದು ಸುಳ್ಳೇ?
ಸುಳ್ಳಲ್ಲ, ಅಂದಳು. ನಾಯಿ ಇರಲಿ.
ಅದನ್ನು ಸಾಕ್ಷಿಗೆ ಮಾತ್ರ ಕರೆಯಬೇಡ.

ಅವಳ ತಮ್ಮ ಎವರಿಸ್ತೊ
ಆ ಅಂಗಡಿಯ ಅಳತೆ ಪುಸ್ತಕದಲ್ಲಿ ಇನ್ನೂ ಇದ್ದಾನೆ:
ಎದೆ ತೊಂಬತ್ತೆರಡು, ತೋಳು ಅರವತ್ತೊಂದು,
ಎಡ ಭುಜ ಸ್ವಲ್ಪ ಇಳಿ.
ಅವನ ಸುದ್ದಿ ಅವಳು ಎತ್ತುವುದಿಲ್ಲ. ನಾನು ಕೇಳುವುದಿಲ್ಲ.

ಈ ಸಲ ಅನ್ಸೆಲ್ಮೊ ಹೊಸ್ತಿಲಾಚೆಯೇ ನಿಂತಿದ್ದಾನೆ.
ಯಾರೂ ಕುರ್ಚಿ ಕೊಡುವುದಿಲ್ಲ.
ಅಳಲು ನೋಡಿದ, ನಾನು ಬಿಡಲಿಲ್ಲ.
ಹೇಳುತ್ತಾನೆ: ಮೂವತ್ತನಾಲ್ಕನೆಯ ಕಿಲೋಮೀಟರು,
ಬೇಲಿಯಿಂದ ಎಡಕ್ಕೆ ಮೂರು ಕಲಫಾತೆ ಪೊದೆ,
ನಡುವಿನದರ ಬುಡ.
ತಾಯಿ ಕೋಟು ಹಾಕಿಕೊಳ್ಳುತ್ತಾಳೆ.
ಮುಂದಿನ ಪುಟದಲ್ಲಿ ಅವನಿಲ್ಲ.
ಸಲಿಕೆ ಇದೆ.

ದೊಮಿತಿಲಾ ಎರಡು ಸಲ ಓದಿದಳು.
ಸೂಜಿಡಬ್ಬಿಗೆ ಕೈ ಹೋಗಲಿಲ್ಲ.
ಉಳಿದ ಹಾಳೆ ಮರಳಿಸಿದಳು; ಆ ಒಂದನ್ನು
ನಾಲ್ಕಾಗಿ ಮಡಿಚಿ
ಅಳತೆ ಪುಸ್ತಕದೊಳಗೆ ಇಟ್ಟುಕೊಂಡಳು.

ಆ ಜಾಗ ನಾನು ಕಟ್ಟಿದ್ದು, ದೊಮಿತಿಲಾ.
ಆ ದಾರಿಯಲ್ಲಿ ಅಂಥ ಬೇಲಿಯೇ ಇಲ್ಲ.

ಹೇಳಬೇಕಿತ್ತು.
ಬಾಗಿಲ ತನಕ ಬಂದು ಅವಳೇ ಅಂದಳು,
"ಗಾಳಿ ಜೋರಿದೆ, ಹಗ್ಗ ಬಿಡಬೇಡ."
ಹೂಂ ಅಂದೆ.