ಹತ್ತು ಡಿಗ್ರಿ, ಕಾಲಿನ ಕಡೆಗೆ

ಮೊದಲು ಕಕ್ಕಸಿಗೆ ಹೋಗಿ ಬನ್ನಿ ಎನ್ನುತ್ತೇನೆ.
ತುಂಬಿದ ಮೂತ್ರಕೋಶದ ನೆರಳು ಮೂಳೆಯ ಮೇಲೆ ಬೀಳಬಾರದು.
ಎನಿಡ್ ಬ್ಲಾಂಚರ್ಡ್, ಎಪ್ಪತ್ತಾರು, ಊರು ಗ್ರಿಮ್ಸ್‌ಬಿ,
ಓಲಾಡುವ ದೋಣಿಯಲ್ಲಿ ನಡೆದಂತೆ ಹೋಗಿ ಬರುತ್ತಾರೆ,
ಒಂದು ಕೈ ಗೋಡೆಗೆ,
ಒಂದು ಕೈ ಗೌನಿನ ಹಿಂದಿನ ಸೀಳಿಗೆ.

ಟೊಂಕ ಕಟ್ಟಿ ನಿಲ್ಲು ಎನ್ನುವ ಭಾಷೆಯವಳು ನಾನು.
ಟೊಂಕ ಸಡಿಲ ಬಿಡಿ ಎನ್ನುವುದಕ್ಕೆ
ಹನ್ನೊಂದು ವರ್ಷದಿಂದ ಇಲ್ಲಿ ಸಂಬಳ.

ಅಂಗಾತ ಮಲಗಿಸಿ, ಮಂಡಿಯ ಕೆಳಗೆ ಸ್ಪಂಜಿನ ದಿಂಬು.
ಮುಟ್ಟಲೇ ಎಂದು ಕೇಳಿ
ಸೊಂಟದ ಎರಡೂ ಬದಿಯ ಮೂಳೆಯ ತುದಿ ಹುಡುಕುತ್ತೇನೆ,
ಪರರ ಮನೆಯ ಕತ್ತಲಲ್ಲಿ ಸ್ವಿಚ್ಚು ತಡಕಿದ ಹಾಗೆ.
"ಕೈ ಮಂಜುಗಡ್ಡೆ, ಲವ್."
ಕ್ಷಮಿಸಿ.
"ಇರಲಿ ಬಿಡಿ. ಇಪ್ಪತ್ತೆಂಟು ವರ್ಷ ಡಾಕಿನಲ್ಲಿ ಹ್ಯಾಡಕ್ ಸೀಳಿದವಳು.
ಚಾಕು ಹೀಗೆ ಇಟ್ಟು ಹೀಗೆ ಎಳೆದರೆ
ಬೆನ್ನುಮೂಳೆ ಪೂರ್ತಿ ಬರುತ್ತೆ, ಬಾಚಣಿಗೆ ಬಂದ ಹಾಗೆ.
ನಿಮಗೆ ಅಷ್ಟು ಸುಲಭ ಇಲ್ಲ, ಪಾಪ."

ಇಲ್ಲ.
ಸೊಂಟದಡಿಯ ತ್ರಿಕೋನದ ಮೂಳೆಗೆ ಹದಿನೈದು ಡಿಗ್ರಿ, ತಲೆಯ ಕಡೆಗೆ.
ಅದರ ತುದಿಗೆ ನೇತುಬಿದ್ದ ಬಾಲದ ಮೂಳೆಗೆ ಹತ್ತು, ಕಾಲಿನ ಕಡೆಗೆ.
ಒಂದೇ ಗೋಡೆಯ ಅಕ್ಕಪಕ್ಕದ ಮನೆ,
ಬಾಗಿಲು ಮಾತ್ರ ಒಂದೊಂದು ಬೀದಿಗೆ.
ಎದುರು ನಿಂತು ಕರೆದರೆ ಇಬ್ಬರೂ ಓಗೊಡುವುದಿಲ್ಲ,
ನಾವೇ ಓರೆಯಾಗಬೇಕು.

ಉಸಿರು ಬಿಡಿ. ಹಾಗೇ ಇರಿ.
ಆಯಿತು.

ಈಗ ಮಗ್ಗುಲು. ಎಡಕ್ಕೆ. ಅವಸರವಿಲ್ಲ.
ಮಂಡಿ ಮಡಿಸಿ, ನಡುವೆ ಒಂದು ದಿಂಬು;
ನಡುವಿನ ಟೊಳ್ಳಿಗೆ ಇನ್ನೊಂದು, ಬೆನ್ನು ಜೋಲದಂತೆ;
ಹಿಂದೆ ಸೀಸದ ರಬ್ಬರು, ಚದುರಿದ ಕಿರಣ ಹೀರಲು.
ಬಳ್ಳಾರಿಯಲ್ಲಿ ನಾನು ಕಲಿತದ್ದು ಗೊಂಬೆಯ ಮೇಲೆ.
ಗೊಂಬೆಗೆ ನೋವಿರಲಿಲ್ಲ. ಗಂಡನೂ ಇರಲಿಲ್ಲ.
ಹಾಗಾಗಿ ಇದನ್ನು ಯಾರೂ ಕಲಿಸಲಿಲ್ಲ:
ಅಂಗಾತ ಮಲಗಿದವರು ಗಾಳಿ ಮಳೆ ಮಾತಾಡುತ್ತಾರೆ,
ಮಗ್ಗುಲಾದವರು ಗೋಡೆಗೆ ನಿಜ ಹೇಳುತ್ತಾರೆ.

"ಬಿದ್ದದ್ದು ಮೆಟ್ಟಿಲಲ್ಲಿ ಅಲ್ಲ. ಫಾರ್ಮಿನಲ್ಲಿ ಹಾಗೆ ಬರೆಸಿದೆ.
ಊಟದ ಮೇಜಿನ ಹತ್ತಿರ.
ಮದುವೆಯಾದಂದಿನಿಂದ ವಿಲ್ಫ್ ಕುರ್ಚಿ ಎಳೆದು ಹಿಡಿಯೋದು,
ನಾನು ಕೂರುವಾಗ ಮುಂದೆ ತಳ್ಳೋದು.
ಐವತ್ತೊಂದು ವರ್ಷ ನಾನು ಹಿಂದೆ ನೋಡಿ ಕೂತವಳೇ ಅಲ್ಲ.
ಗುರುವಾರವೂ ಎಳೆದರು.
ಎಳೆದವರು, ತಳ್ಳೋದು ಮರೆತು,
ಕುರ್ಚಿ ಹಿಡಕೊಂಡೇ ಕಿಟಕಿಗೆ ಹೋಗಿಬಿಟ್ಟರು,
ಎಂಥದೋ ಕಡಲಹಕ್ಕಿ ನೋಡೋಕೆ.
ಈಚೆಗೆ ಅವರಿಗೆ..."

ಉಸಿರು ಬಿಡಿ. ಹಾಗೇ ಇರಿ.

ಗುಂಡಿ ಒತ್ತಿದೆ. ಮಾತು ಅಲ್ಲೇ ನಿಂತಿತು.
ಇನ್ನು ಉಸಿರಾಡಿ ಎಂದಾಗ
ಉಸಿರಷ್ಟೇ ಬಂತು.

ಪರದೆಯ ಮೇಲೆ, ಬೂದು ನೀರಿಗೆ ಇಳಿಬಿಟ್ಟ ಗಾಳ,
ತುದಿ ಒಳಕ್ಕೆ ತಿರುಗಿದೆ.
ಮುರಿದು ಡೊಂಕೋ, ಹುಟ್ಟಾ ಡೊಂಕೋ?
ನಾಯಿಬಾಲದ ಗಾದೆ ನನಗೆ ಗೊತ್ತು, ತೀರ್ಪು ಡಾಕ್ಟರದು.
ನನ್ನದು ಮೂಲೆಯಲ್ಲಿ ಸೀಸದ ಒಂದು ಅಕ್ಷರ,
ಇದು ಎಡ ಎಂದು ಹೇಳುವುದಷ್ಟೇ ಅದರ ಕೆಲಸ.
ಫಾರ್ಮಿನ ಮೆಟ್ಟಿಲನ್ನು
ಇದ್ದಲ್ಲೇ ಇರಲು ಬಿಟ್ಟೆ.

ಕಾರಿಡಾರಿನಲ್ಲಿ ವಿಲ್ಫ್,
ಹೆಂಡತಿಯ ಕೈಚೀಲ ತೊಡೆಯ ಮೇಲೆ,
ಯಾರೋ ಹಿಡಿದುಕೊಳ್ಳಿ ಎಂದು ಕೊಟ್ಟುಹೋದ ಮಗುವಿನ ಹಾಗೆ.
ನಮ್ಮನ್ನು ಕಂಡು ಎದ್ದರು.
ಪಕ್ಕದ ಕುರ್ಚಿಯ ಬೆನ್ನು ಹಿಡಿದು ಎಳೆದರು.
ಆಸ್ಪತ್ರೆಯ ಕುರ್ಚಿ, ನಾಲ್ಕೂ ಕಾಲಿಗೆ ಬೋಲ್ಟು,
ನೆಲ ಬಿಟ್ಟು ಬರಲಿಲ್ಲ.
ಮತ್ತೆ ಎಳೆದರು.

ಎನಿಡ್ ಭಾರವನ್ನೆಲ್ಲ ಒಂದೇ ಮಗ್ಗುಲಿಗೆ ಹಾಕಿ
ಕೂತರು, ಒಂದೊಂದೇ ಅಂಗುಲ,
ಹಿಂದೆ ನೋಡದೆ.

ನೋಡಿದ್ದು ನಾನು.